ಎಲುಬಾಗಬೇಕಾದ ಕೋಶ ಕೊಬ್ಬಾಗುವುದೇಕೆ?

ಪ್ರಶ್ನೆ: ಕಳೆದ ಆಟಿ ತಿಂಗಳಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ನನ್ನ 71 ವರ್ಷದ ಅಮ್ಮನ ಸೊಂಟದ ಎಲುಬು ಮುರಿಯಿತು. ಎಲುಬು ಟೊಳ್ಳಾಗಿದೆ, ಈ ವಯಸ್ಸಿನಲ್ಲಿ ಮಜ್ಜೆಯೊಳಗೆ ಕೊಬ್ಬು ತುಂಬಿಕೊಳ್ಳುತ್ತದೆ ಎಂದು ವೈದ್ಯರು ಹೇಳಿದರು. ಮೈಕ್ರೋಆರ್‌ಎನ್‌ಎಗಳು ಕಾಂಡಕೋಶಗಳನ್ನು ಎಲುಬಾಗಿ ಬೆಳೆಸುತ್ತವೆ ಎಂದು ಕಾಲೇಜಿಗೆ ಹೋಗುವ ಮಗಳು ಹೇಳುತ್ತಾಳೆ. ಹೌದೇ?
— ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ನಿಮ್ಮ ಮಗಳು ಹೇಳಿದ್ದು ಅರ್ಧ ಸರಿ. ಕಾಂಡಕೋಶವೆಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕೋಶ; ಮೈಕ್ರೋಆರ್‌ಎನ್‌ಎ ಎಂದರೆ ಜೀನಿನಿಂದ ಹೊರಡುವ ಆದೇಶವನ್ನು ತಡೆಯುವ ಪುಟ್ಟ ಅಣು. ಕಾಂಡಕೋಶವು ಎಲುಬಾಗದಂತೆ ತಡೆಯುವ ಮೈಕ್ರೋಆರ್‌ಎನ್‌ಎಗಳೂ ಅನೇಕ ಇವೆ.

ಎಲುಬು ಕಟ್ಟುವ ಕೋಶಗಳೂ ಕೊಬ್ಬು ತುಂಬಿಕೊಳ್ಳುವ ಕೋಶಗಳೂ ಮಜ್ಜೆಯಲ್ಲಿರುವ ಒಂದೇ ಬಗೆಯ ಕಾಂಡಕೋಶದಿಂದ ಹುಟ್ಟುತ್ತವೆ. ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಒಬ್ಬರದೇ ಮಜ್ಜೆಯ ಕಾಂಡಕೋಶಗಳನ್ನು ಎರಡು ತಟ್ಟೆಗಳಿಗೆ ಹಂಚಿ, ಒಂದಕ್ಕೆ ಡೆಕ್ಸಾಮೆಥಾಸೋನ್, ಸಿ ಜೀವಸತ್ವ ಮತ್ತು ಗ್ಲಿಸರೋಫಾಸ್ಫೇಟ್ ಬೆರೆಸಿದ ಪೋಷಕ ದ್ರವವನ್ನೂ ಇನ್ನೊಂದಕ್ಕೆ ಇನ್ಸುಲಿನ್ ಮೊದಲಾದವು ಸೇರಿದ ಬೇರೆ ದ್ರವವನ್ನೂ ಹಾಕಿ ಸುಮಾರು 3 ವಾರ ಕಾಯುತ್ತಾರೆ. ಬಳಿಕ ಅಲಿಜರಿನ್ ರೆಡ್ ಎಂಬ ಬಣ್ಣ ಹಾಕಿದರೆ ಮೊದಲ ತಟ್ಟೆಯಲ್ಲಿ ಕ್ಯಾಲ್ಸಿಯಂ ಕೂತಲ್ಲೆಲ್ಲ ಮಂಗಳೂರು ಹೆಂಚಿನ ಕೆಂಪು ಮೂಡುತ್ತದೆ. ಎರಡನೆಯದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಸಾರಿನ ಮೇಲೆ ತೇಲುವ ಎಣ್ಣೆಯಂತೆ ಗುಂಡಗಿನ ಕೊಬ್ಬಿನ ಹನಿಗಳು ಕೋಶದೊಳಗೆ ಕಾಣುತ್ತವೆ. ವಯಸ್ಸಾದಂತೆ ನಮ್ಮ ಮಜ್ಜೆಯಲ್ಲಿ ಈ ಎರಡನೆಯ ತಟ್ಟೆಯ ದಾರಿ ಹಿಡಿಯುವ ಕೋಶಗಳು ಹೆಚ್ಚುತ್ತವೆ. ನಿಮ್ಮ ವೈದ್ಯರು ಹೇಳಿದ ಕೊಬ್ಬು ಇದೇ.

ಕೋಶವು ಎಲುಬಿನ ದಾರಿ ಹಿಡಿಯಬೇಕಾದರೆ ಅದರೊಳಗೆ ರಂಕ್ಸ್-2 ಎಂಬ ಪ್ರೋಟೀನು ಸಾಕಷ್ಟು ತಯಾರಾಗಬೇಕು. ಅದನ್ನು ತಯಾರಿಸುವ ಆದೇಶವು ಜೀನಿನಿಂದ ಸಂದೇಶವಾಹಕ ಆರ್‌ಎನ್‌ಎಯ ರೂಪದಲ್ಲಿ ಹೊರಡುತ್ತದೆ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೋಆರ್‌ಎನ್‌ಎ ಆ ಸಂದೇಶದ ಬಾಲದ ಭಾಗಕ್ಕೆ ಹೊಂದಿಕೊಂಡು ಕೂತರೆ ಪ್ರೋಟೀನಿನ ತಯಾರಿಕೆ ಕುಗ್ಗುತ್ತದೆ, ಸಂದೇಶವೂ ಬೇಗ ನಾಶವಾಗುತ್ತದೆ. ಮಿರ್-204 ಎಂಬ ಮೈಕ್ರೋಆರ್‌ಎನ್‌ಎ ಹೀಗೆ ರಂಕ್ಸ್-2ರ ಸಂದೇಶವನ್ನು ಹಿಡಿದು ಕೋಶವನ್ನು ಕೊಬ್ಬಿನ ಕಡೆಗೆ ತಿರುಗಿಸುತ್ತದೆ. ಮಿರ್-138 ಬೇರೊಂದು ಕಡೆ ಕೈ ಹಾಕುತ್ತದೆ: ಕೋಶವು ತಾನು ಅಂಟಿಕೊಂಡಿರುವ ನೆಲೆಯನ್ನು ಗ್ರಹಿಸಲು ಬೇಕಾದ ಪ್ರೋಟೀನೊಂದನ್ನು ಅದು ಕಡಿಮೆ ಮಾಡುತ್ತದೆ. ಮನುಷ್ಯರ ಕಾಂಡಕೋಶಗಳಲ್ಲಿ ಈ ಮಿರ್-138ನ್ನು ಅಡಗಿಸಿ ಇಲಿಗಳ ದೇಹದಲ್ಲಿ ನೆಟ್ಟಾಗ ಎಲುಬು ಹೆಚ್ಚು ಬೆಳೆದುದನ್ನು 2011ರಲ್ಲಿ ವರದಿ ಮಾಡಲಾಯಿತು.

ಇನ್ನು ನಿಮ್ಮ ಮಗಳು ಹೇಳಿದ ಅರ್ಧ. ಮಿರ್-29ಬಿ ಎಲುಬಿಗೆ ಸಹಾಯಕವೇ ಹೌದು. ಆದರೆ ಅದು ಎಲುಬನ್ನು ತಾನೇ ಕಟ್ಟುವುದಿಲ್ಲ, ಎಲುಬಿಗೆ ಅಡ್ಡಿಯಾಗುವ ಪ್ರೋಟೀನುಗಳನ್ನು ಕುಗ್ಗಿಸುತ್ತದೆ. ಮಿರ್-2861ರ ಕೆಲಸವೂ ಇದೇ ತೆರನಾದುದು. ಅದರ ಜೀನಿನಲ್ಲಿ ದೋಷವಿದ್ದ ಇಬ್ಬರು ಹದಿಹರೆಯದವರಲ್ಲಿ ಎಲುಬು ಟೊಳ್ಳಾಗಿದ್ದುದು 2009ರಲ್ಲಿ ಪತ್ತೆಯಾಯಿತು. ಮುಪ್ಪಿನ ಕಾಯಿಲೆಯೆಂದು ನಾವು ತಿಳಿದಿರುವುದು ಅಷ್ಟು ಎಳೆಯರನ್ನು ಹಿಡಿದದ್ದನ್ನು ಓದಿದಾಗ ಈ ಪುಟ್ಟ ಅಣುವಿನ ತೂಕ ನನಗೆ ಅರ್ಥವಾಯಿತು.

ಪ್ರಶ್ನೆ: ಮೈಕ್ರೋಆರ್‌ಎನ್‌ಎಯನ್ನು ಕಂಡುಹಿಡಿದವರು ಯಾರು?
— ಪಿಯುಸಿ ವಿದ್ಯಾರ್ಥಿನಿ, ಕಾಪು

ಉತ್ತರ: ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್‌ಕುನ್. ಸುಮಾರು ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಲಿನ್-4 ಎಂಬ ಮೊದಲ ಮೈಕ್ರೋಆರ್‌ಎನ್‌ಎಯ ಕುರಿತು ಅವರ ಪ್ರಬಂಧಗಳು 1993ರಲ್ಲಿ ಪ್ರಕಟವಾದವು. ಅದು ಹುಳಕ್ಕಷ್ಟೇ ಸೀಮಿತವೆಂಬ ಭಾವನೆ ಕೆಲವು ವರ್ಷ ಇತ್ತು. 2000ದಲ್ಲಿ ಲೆಟ್-7 ಎಂಬ ಇನ್ನೊಂದು ಮೈಕ್ರೋಆರ್‌ಎನ್‌ಎ ಮನುಷ್ಯರಲ್ಲೂ ಇರುವುದು ತಿಳಿದ ಮೇಲೆ ಎಲ್ಲರ ಗಮನ ಇತ್ತ ಹರಿಯಿತು. 2024ರ ವೈದ್ಯಕೀಯ ನೊಬೆಲ್ ಇವರಿಬ್ಬರಿಗೆ ಸಂದಿದೆ.

ಪ್ರಶ್ನೆ: ಮೊಣಕಾಲು ನೋವಿಗೆ ಕಾಂಡಕೋಶದ ಇಂಜೆಕ್ಷನ್ ಕೊಡುತ್ತೇವೆ, ಅದರಲ್ಲಿ ಮೈಕ್ರೋಆರ್‌ಎನ್‌ಎಯೂ ಇದೆ ಎಂದು ಒಂದು ಕಡೆ ಹೇಳಿದರು. ದುಡ್ಡು ದೊಡ್ಡದು. ಮಾಡಿಸಬಹುದೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ದಯವಿಟ್ಟು ಬೇಡ. ಎಲುಬಿಗೆಂದು ಮಾನ್ಯತೆ ಪಡೆದ ಮೈಕ್ರೋಆರ್‌ಎನ್‌ಎ ಔಷಧ ಯಾವುದೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ರೋಗಗಳಂಥವಕ್ಕೆ ಮಾಡುವ ರಕ್ತಜನಕ ಕಾಂಡಕೋಶಗಳ ಕಸಿಯನ್ನು ಬಿಟ್ಟರೆ ಉಳಿದ ಕಾಂಡಕೋಶ ಪ್ರಯೋಗಗಳೆಲ್ಲ ಇನ್ನೂ ಸಂಶೋಧನೆಯೇ. ಸಂಶೋಧನೆಗೆ ಒಳಗಾಗುವವರಿಂದ ಹಣ ಕೇಳುವುದು ಸಲ್ಲದು.

ಎಲುಬಿಗೆ ಮೈಕ್ರೋಆರ್‌ಎನ್‌ಎ ಔಷಧ ಬರಲು ತಡ ಯಾಕೆಂದರೆ, ಒಂದು ಮೈಕ್ರೋಆರ್‌ಎನ್‌ಎ ಒಂದೇ ಸಂದೇಶವನ್ನು ಹಿಡಿಯುವುದಿಲ್ಲ, ನೂರಾರನ್ನು ಹಿಡಿಯಬಲ್ಲದು. ರಂಕ್ಸ್-2ನ್ನು ಕುಗ್ಗಿಸುವ ಮಿರ್-133 ಹೃದಯದ ಸ್ನಾಯುವಿಗೆ ಅಗತ್ಯ. ಎಲುಬಿಗಾಗಿ ಅದನ್ನು ಇಡೀ ದೇಹದಲ್ಲಿ ಅಡಗಿಸಿದರೆ ಹೃದಯಕ್ಕೆ ಅಪಾಯವಾಗಬಹುದು. ರಕ್ತಕ್ಕೆ ಸೇರಿಸಿದ ಇಂಥ ಅಣುಗಳು ಬಹುಪಾಲು ಯಕೃತ್ತು, ಮೂತ್ರಪಿಂಡಗಳಲ್ಲೇ ಉಳಿದುಬಿಡುತ್ತವೆ. ಕ್ಯಾನ್ಸರಿಗೆಂದು ಮಿರ್-34ರ ನಕಲನ್ನು ಕೊಟ್ಟು ನಡೆಸಿದ ಪರೀಕ್ಷೆಯನ್ನು, ರೋಗಿಗಳಲ್ಲಿ ತೀವ್ರವಾದ ರೋಗನಿರೋಧಕ ಪ್ರತಿಕ್ರಿಯೆ ಕಂಡುಬಂದದ್ದರಿಂದ, 2016ರಲ್ಲಿ ನಿಲ್ಲಿಸಬೇಕಾಯಿತು. ಆದ್ದರಿಂದ ಮುರಿದ ಜಾಗದಲ್ಲೇ ಔಷಧವನ್ನು ಹಿಡಿದಿಡುವ ಹಂದರಗಳನ್ನು ಈಗ ಪ್ರಾಣಿಗಳಲ್ಲಿ ಪರೀಕ್ಷಿಸುತ್ತಿದ್ದಾರೆ.

ಬ್ರಹ್ಮಾವರದ ಓದುಗರೂ ಇದನ್ನು ಗಮನಿಸಬೇಕು. ಅಮ್ಮನಿಗೆ ಜೊಲೆಡ್ರೊನಿಕ್ ಆಮ್ಲ ಅಥವಾ ಟೆರಿಪ್ಯಾರಟೈಡ್ ಹೊಂದುತ್ತದೆಯೇ ಎಂದು ವೈದ್ಯರಲ್ಲಿ ಕೇಳಿ. ಇವು ಪರೀಕ್ಷೆಯಲ್ಲಿ ಗೆದ್ದ ಔಷಧಗಳು. ಮುಂದಿನ ಮಳೆಗೆ ಮೊದಲು ಅಂಗಳದ ಪಾಚಿಯನ್ನು ಉಜ್ಜಿ ತೆಗೆಸಿ, ಬಚ್ಚಲಿಗೆ ಹೋಗುವ ದಾರಿಯಲ್ಲಿ ಅವರಿಗೆ ಹಿಡಿದುಕೊಳ್ಳಲು ಒಂದು ಕಂಬಿಯನ್ನು ಹಾಕಿಸಿ.