ಅಪ್ಪನ ತೂಕ 98 ಕಿಲೋ, ಆಪರೇಷನ್ ಮಾಡಿಸಬಹುದಾ?

ಪ್ರಶ್ನೆ: ಅಪ್ಪನಿಗೆ 61 ವರ್ಷ. ಎತ್ತರ 165 ಸೆಂ.ಮೀ., ತೂಕ 98 ಕಿಲೋ. ಮೂತ್ರಕೋಶದ ಕ್ಯಾನ್ಸರ್ ಸ್ನಾಯುವಿಗೂ ಇಳಿದಿದೆಯಂತೆ. ಮಂಗಳೂರಿನ ಡಾಕ್ಟರು ಮೊದಲು ಕೀಮೋ, ಆಮೇಲೆ ಮೂತ್ರಕೋಶ ತೆಗೆಯೋಣ ಎಂದಿದ್ದಾರೆ. ‘ಇಷ್ಟು ದಪ್ಪ ಇದ್ದವರಿಗೆ ಆಪರೇಷನ್ ಬೇಡ, ತೂಕ ಇಳಿಯಲಿ’ ಅಂತ ನೆಂಟರು ಹೇಳಿದ್ದೇ ತಡ, ಅಪ್ಪ ಒಂದು ವಾರದಿಂದ ಬರೀ ಗಂಜಿತಿಳಿ ಕುಡಿಯುತ್ತಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಮೊದಲು ಆ ಗಂಜಿತಿಳಿ ನಿಲ್ಲಿಸಿ. ಉಪವಾಸ ಕೂತರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಆಪರೇಷನ್ ಆದಮೇಲೆ ಎದ್ದು ಓಡಾಡುವುದಕ್ಕೆ ಬೇಕಾಗಿರುವುದೇ ಅದು, ಅಲ್ವಾ?

ಅಪ್ಪನ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎನ್ನುವ ಲೆಕ್ಕ) 36. ನಮ್ಮವರಲ್ಲಿ 25 ದಾಟಿದರೇ ಬೊಜ್ಜು ಎನ್ನುತ್ತೇವೆ. ಹಾಗಾಗಿ ನೆಂಟರ ಮಾತಿನಲ್ಲಿ ಅರ್ಧ ನಿಜವಿದೆ. ದಪ್ಪ ಇದ್ದವರಿಗೆ ಆಪರೇಷನ್ನಿಗೆ ಹೊತ್ತು ಜಾಸ್ತಿ ಹಿಡಿಯುತ್ತದೆ, ರಕ್ತ ಜಾಸ್ತಿ ಹೋಗುತ್ತದೆ, ಹೊಲಿಗೆಯಲ್ಲಿ ಕೀವಾಗುವುದು, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಮುಂದೆ ಹರ್ನಿಯಾ ಬರುವುದು ಎಲ್ಲದರ ಭಯವೂ ಹೆಚ್ಚು. ಆದರೆ ಕ್ಯಾನ್ಸರ್ ವಾಸಿಯಾಗುವ ವಿಷಯಕ್ಕೆ ಬಂದರೆ, ದಪ್ಪ ಇದ್ದವರ ಗತಿ ಕೆಟ್ಟದ್ದೇ ಅಂತ ಅಧ್ಯಯನಗಳು ಒಂದೇ ದನಿಯಲ್ಲಿ ಹೇಳುವುದಿಲ್ಲ. ಸ್ನಾಯುವಿಗೆ ಇಳಿದ ಕ್ಯಾನ್ಸರ್ ಮಾತ್ರ ತೂಕ ಇಳಿಯುವವರೆಗೆ ಕಾಯುವುದಿಲ್ಲ. ತಾರೀಕು ಮುಂದೂಡಬೇಡಿ.

ಕೀಮೋಗೆ ಹೇಗೂ ಸುಮಾರು ಮೂರು ತಿಂಗಳು ಹೋಗುತ್ತದೆ. ಅಷ್ಟು ದಿನ ಮೊಟ್ಟೆ, ಮೀನು, ಹೆಸರುಕಾಳು ತಿನ್ನಲಿ, ಸುಸ್ತಿಲ್ಲದ ದಿನ ತೋಟದಲ್ಲಿ ಒಂದು ಸುತ್ತು ನಡೆಯಲಿ. ಬೀಡಿ ಇದ್ದರೆ ಇವತ್ತೇ ಬಿಡಲಿ (ನೀವು ಬರೆದಿಲ್ಲ, ಆದರೆ ಈ ಕ್ಯಾನ್ಸರಿಗೆ ಹೊಗೆಯೇ ದೊಡ್ಡ ಕಾರಣ). ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿರಲಿ. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ನಿಂತಂತಾಗುತ್ತದಾ? ಅರಿವಳಿಕೆ ಡಾಕ್ಟರಿಗೆ ಮರೆಯದೆ ಹೇಳಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಮನೆಗೆ ಬಂದಮೇಲೂ, ಸಾಮಾನ್ಯವಾಗಿ ನಾಲ್ಕು ವಾರ, ಬೇಕಾಗುತ್ತದೆ. ಅದನ್ನೂ ಕೇಳಿಟ್ಟುಕೊಳ್ಳಿ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. ಮೂತ್ರಕೋಶ ತೆಗೆದಮೇಲೆ ಸಣ್ಣ ಕರುಳಿನ ಒಂದು ಗೇಣಿನಷ್ಟು ತುಂಡಿನಲ್ಲಿ ಮೂತ್ರಕ್ಕೆ ದಾರಿ ಮಾಡಿ, ಹೊಟ್ಟೆಯ ಮೇಲೆ ತೂತು ಇಟ್ಟು, ಅಲ್ಲಿಗೆ ಚೀಲ ಅಂಟಿಸುವುದೇ ಹೆಚ್ಚು. ಮಲಗಿಸಿ ಆ ತೂತಿಗೆ ಗುರುತು ಹಾಕಿದ ಜಾಗ, ಕೂತಾಗ ಹೊಟ್ಟೆಯ ಮಡಿಕೆಯೊಳಗೆ ಅಡಗಿಬಿಡುತ್ತದೆ. ಆಗ ಚೀಲ ಕೂರುವುದಿಲ್ಲ, ಸೋರುತ್ತದೆ, ಚರ್ಮ ಉರಿಯುತ್ತದೆ, ಅಪ್ಪನಿಗೆ ಬಗ್ಗಿ ನೋಡಲೂ ಆಗುವುದಿಲ್ಲ. ಅದಕ್ಕೆ ಆಪರೇಷನ್ನಿಗೆ ಮೊದಲೇ ಕೂರಿಸಿ, ನಿಲ್ಲಿಸಿ, ಬಗ್ಗಿಸಿ ಗುರುತು ಹಾಕಿಸಿ. ದೊಡ್ಡ ಹೊಟ್ಟೆಯವರಿಗೆ ಸ್ವಲ್ಪ ಮೇಲೆ ಇಡುವುದೇ ವಾಸಿ. ಅವತ್ತು ಅಪ್ಪ ದಿನಾ ಉಡುವ ಲುಂಗಿಯನ್ನೇ, ದಿನಾ ಕಟ್ಟುವಲ್ಲೇ ಕಟ್ಟಿಕೊಂಡು ಬರಲಿ. ಆ ಗಂಟು ಎಲ್ಲಿ ಕೂರುತ್ತದೆ ಅಂತ ನರ್ಸ್ ಕಣ್ಣಾರೆ ನೋಡಲಿ.