ಮದುವೆ ಶೂಟಿಂಗ್‌ಗೆ ಸೋನಿ ಕ್ಯಾಮೆರಾ ಇದೆ. 65 ವ್ಯಾಟ್ ಫಾಸ್ಟ್ ಚಾರ್ಜರ್ ತಗೊಂಡರೆ ಬ್ಯಾಟರಿ ಬೇಗ ತುಂಬುತ್ತಾ?

ಇಲ್ಲ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಒರಿಜಿನಲ್ ಬ್ಯಾಟರಿ ತಗೊಳ್ಳಿ. ತುಮಕೂರಿನಲ್ಲಿ ಮದುವೆ ಫೋಟೋ, ವಿಡಿಯೋ ಎರಡೂ ಮಾಡುತ್ತೇನೆ, ಹಾಗಾಗಿ ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಅಡಾಪ್ಟರ್ ಮೇಲೆ 65 ವ್ಯಾಟ್ ಅಂತ ಬರೆದಿದ್ದರೂ ಅಷ್ಟೂ ಬ್ಯಾಟರಿಗೆ ಇಳಿಯುವುದಿಲ್ಲ. ಯುಎಸ್‌ಬಿ ಕೇಬಲ್‌ನಿಂದ ಕ್ಯಾಮೆರಾದೊಳಗೇ ಚಾರ್ಜ್ ಮಾಡುವಾಗ ಎಷ್ಟು ಕರೆಂಟ್ ಎಳೆಯಬೇಕು ಅನ್ನುವುದು ಕ್ಯಾಮೆರಾದ ಕೈಯಲ್ಲಿದೆ. ನಿಮ್ಮದು ಎನ್‌ಪಿ-ಎಫ್‌ಝಡ್100 ಬ್ಯಾಟರಿ ಆಗಿದ್ದರೆ ಅದು 7.2 ವೋಲ್ಟ್, 2280 ಎಂಎಎಚ್. ಸೋನಿಯವರದೇ ಬಿಸಿ-ಕ್ಯೂಝಡ್1 ಚಾರ್ಜರ್‌ನಲ್ಲಿ ಹಾಕಿದರೂ ಪೂರ್ತಿ ತುಂಬಲು ಸುಮಾರು ಎರಡೂವರೆ ಗಂಟೆ ಬೇಕು. ಆ ಚಾರ್ಜರನ್ನು ಸೀದಾ ಗೋಡೆಯ ಪ್ಲಗ್‌ಗೇ ಹಾಕುವುದು, ಅಲ್ಲಿ ನಿಮ್ಮ 65 ವ್ಯಾಟ್ ಅಡಾಪ್ಟರ್‌ಗೆ ಕೆಲಸವೇ ಇಲ್ಲ.

ಇನ್ನೊಂದು ವಿಷಯ ತಿಳಿದಿದ್ದರೆ ತುಂಬಾ ಉಪಯೋಗ. ಲಿಥಿಯಂ ಬ್ಯಾಟರಿ ಮೊದಮೊದಲು ಬೇಗ ತುಂಬುತ್ತದೆ. ಈ 7.2 ವೋಲ್ಟ್ ಬ್ಯಾಟರಿ ತುಂಬುವಾಗ 8.4 ವೋಲ್ಟ್‌ವರೆಗೆ ಏರುತ್ತದೆ. ಅಷ್ಟು ಮುಟ್ಟಿದ ಮೇಲೆ ಕರೆಂಟ್ ಇಳಿಯುತ್ತಾ ಹೋಗುತ್ತದೆ, ಕೊನೆಯ ಸ್ವಲ್ಪಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಹಾಗಾಗಿ ಆರತಕ್ಷತೆಯ ನಡುವೆ ಬಿಡುವು ಸಿಕ್ಕಾಗ, ಮುಕ್ಕಾಲು ತುಂಬಿದ ಬ್ಯಾಟರಿ ನೂರಕ್ಕೆ ಬರಲಿ ಅಂತ ಕಾಯುತ್ತಾ ಕೂರಬೇಡಿ. ಅದನ್ನು ತೆಗೆದು ಖಾಲಿಯಾಗಿರುವುದನ್ನು ಚಾರ್ಜ್‌ಗೆ ಹಾಕಿ. ರಾತ್ರಿ ಹೇಗೂ ಎಲ್ಲವನ್ನೂ ಪೂರ್ತಿ ತುಂಬಿಸಿಕೊಳ್ಳಬಹುದು, ಬೆಳಿಗ್ಗೆ ಮುಹೂರ್ತ ಅಲ್ವಾ?

ಛತ್ರದಲ್ಲಿ ಪ್ಲಗ್ ಸಿಗುವುದೇ ಕಷ್ಟ. ಸ್ಟೇಜ್ ಪಕ್ಕದ್ದನ್ನೆಲ್ಲ ಡೆಕೊರೇಷನ್‌ನವರು ಮೊದಲೇ ಹಿಡಿದಿರುತ್ತಾರೆ. ನನ್ನದೊಂದು ಸ್ವಂತ ಎಕ್ಸ್‌ಟೆನ್ಷನ್ ಬಾಕ್ಸ್ ಬ್ಯಾಗಿನಲ್ಲಿ ಇದ್ದೇ ಇರುತ್ತದೆ. ಬ್ಯಾಟರಿ ಪೌಚ್‌ನಲ್ಲಿ ತುಂಬಿದವುಗಳ ಪಿನ್ ಮೇಲಕ್ಕೆ, ಖಾಲಿಯಾದವುಗಳ ಪಿನ್ ಕೆಳಕ್ಕೆ. ಗಲಾಟೆಯಲ್ಲಿ ನೋಡದೇ ಕೈ ಹಾಕಿದರೂ ಬೆರಳಿಗೇ ಗೊತ್ತಾಗುತ್ತದೆ. ಧಾರೆಗೆ ಮುಂಚೆ ಮೂವತ್ತು ಪರ್ಸೆಂಟ್ ಉಳಿದಿದ್ದರೂ ಬದಲಾಯಿಸಿಬಿಡಿ. ಗಟ್ಟಿಮೇಳ ನಮಗೋಸ್ಕರ ಇನ್ನೊಂದು ಸಲ ಬಾರಿಸುವುದಿಲ್ಲ.

4ಕೆ ವಿಡಿಯೋ ಮಾಡಿ ಬಿಸಿಯಾದ ಬ್ಯಾಟರಿಯನ್ನು ತಕ್ಷಣ ಚಾರ್ಜ್‌ಗೆ ಹಾಕಬೇಡಿ, ಆರಲು ಬಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗಂತೂ ಇಡಲೇಬೇಡಿ. ಶಾಖವೇ ಅದರ ಆಯಸ್ಸು ತಿನ್ನುವುದು. ಊದಿಕೊಂಡ ಬ್ಯಾಟರಿಯನ್ನು ಸುಮ್ನೆ ಒತ್ತಿ ಕ್ಯಾಮೆರಾಗೆ ತೂರಿಸುವ ಸಾಹಸವೂ ಬೇಡ. ಸಿಕ್ಕಿಕೊಂಡರೆ ತೆಗೆಯುವುದೇ ಕಷ್ಟ.