ಹಳೆ ಮನೆಯ ಕಪಾಟು, ಅಡುಗೆಮನೆ: ಮಾಡ್ಯುಲರ್ ಹಾಕಿಸಬೇಕಾ, ನಾವೇ ಮಾಡಿಕೊಳ್ಳಬಹುದಾ?

ಕಾಸರಗೋಡಿನ ಕುಂಬಳೆ ಹತ್ತಿರ ಹಳೆ ಮುರಕಲ್ಲಿನ (ಜಂಬಿಟ್ಟಿಗೆಯ) ಮನೆ ತಗೊಂಡಿದ್ದೀರಿ. ಮಲಗುವ ಕೋಣೆಯ ಗೋಡೆ ಕಪಾಟಿನಲ್ಲಿ ಬಟ್ಟೆಗೆ ಬೂಷ್ಟು ಬರುತ್ತಿದೆ, ಅಡುಗೆಮನೆ ಕಟ್ಟೆಯ ಕೆಳಗೆ ಹಿಂದಿನವರು ಮಾಡಿಸಿದ ಪಾರ್ಟಿಕಲ್ ಬೋರ್ಡು ಉಬ್ಬಿ ಪುಡಿಯಾಗಿದೆ, ಎಲ್ಲ ಕಿತ್ತು ಮಾಡ್ಯುಲರ್ ಹಾಕಿಸಬೇಕಾ ಅಥವಾ ಡ್ರಿಲ್ ಹಿಡಿದು ನಾವೇ ಏನಾದರೂ ಮಾಡಬಹುದಾ ಅಂತ ಕೇಳಿದ್ದೀರಿ.

ಮಾಡಬಹುದು. ನಾನು ಬದಿಯಡ್ಕ ಕಡೆಯವನು, ಆಚಾರಿ ಅಲ್ಲ, ಆದರೆ ನಮ್ಮ ಮನೆಯ ಕಪಾಟು, ಅಡುಗೆಮನೆ ಎರಡೂ ನಾನೇ ಮಾಡಿದ್ದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಗೋಡೆಗೆ ತಾಗಿಸಿ ಪ್ಲೈವುಡ್ ಪೆಟ್ಟಿಗೆ ಕಟ್ಟಬಾರದು. ಕಪಾಟಿನಲ್ಲಿ ಕಾಂಕ್ರೀಟ್ ಸ್ಲ್ಯಾಬ್ ಇದೆ ಅಲ್ವಾ, ಅದನ್ನೇ ಉಳಿಸಿಕೊಂಡು ಎದುರಿಗೆ ಫ್ರೇಮು, ಬಾಗಿಲು ಮಾತ್ರ ಹಾಕಿ. ವೀಡಿಯೊಗಳಲ್ಲಿ ತೋರಿಸುವ ವಾರ್ಡ್‌ರೋಬ್‌ಗಳು ಒಣ ಊರಿನವು. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಕಡೆ ಹಿಂದೆ ಹಲಗೆ, ಕೆಳಗೆ ಹಲಗೆ ಹೊಡೆದು ಮುಚ್ಚಿದರೆ ಆ ಹಲಗೆಗೂ ಗೋಡೆಗೂ ನಡುವೆ ಏನು ನಡೆಯುತ್ತಿದೆ ಅಂತ ಮೂರು ಮಳೆಗಾಲ ಕಳೆದ ಮೇಲೇ ಗೊತ್ತಾಗುವುದು.

ಬಾಗಿಲಿನ ಮಾತಿಗಿಂತ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಕಪಾಟಿನ ಹಿಂಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿಗೆ ಟೇಪು ಹಚ್ಚಿ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಬದಿ, ಅಂದರೆ ಗೋಡೆ ಕಡೆ ನೀರು ಕಂಡರೆ ಗೋಡೆಯೇ ನೀರು ಕುಡಿಯುತ್ತಿದೆ. ಹೊರಬದಿ ಬೆವರಿದರೆ ಅದು ಕೋಣೆಯ ಗಾಳಿಯ ತೇವ. ಎರಡಕ್ಕೂ ಮದ್ದು ಬೇರೆ ಬೇರೆ. ಹಳೆ ಮನೆಗಳಲ್ಲಿ ಕಪಾಟನ್ನು ಗೋಡೆಯ ದಪ್ಪದೊಳಗೇ ಬಿಟ್ಟಿರುತ್ತಾರೆ, ಹಾಗಾಗಿ ಅದರ ಹಿಂದೆ ಗೋಡೆ ತೆಳ್ಳಗೆ ಉಳಿದಿರುತ್ತದೆ. ಅದು ಪಡುವಣ ಗೋಡೆಯಾಗಿ, ಹೊರಗೆ ಸಾರಣೆಯೂ ಇಲ್ಲದೆ ಕಲ್ಲು ಹಾಗೇ ಕಾಣುತ್ತಿದ್ದರೆ ಒಳಗೆ ಏನು ಬಳಿದರೂ ವೇಸ್ಟು, ಯಾಕೆಂದರೆ ಮುರಕಲ್ಲಿನ ತುಂಬ ತೂತು, ಗಾಳಿಮಳೆ ನೇರ ಬಡಿಯುವುದೂ ಆ ಕಡೆಗೇ. ಹೊರಗಿನ ಸಂದಿಗಳನ್ನು ಸಿಮೆಂಟಿನಲ್ಲಿ ತುಂಬಿಸಿ, ಸಾರಣೆ ಮಾಡಿಸಿ, ಆಗುವುದಾದರೆ ಮನೆಯ ಮಾಡನ್ನು ಸ್ವಲ್ಪ ಮುಂದೆ ಚಾಚಿಸಿ. ಈ ಕೆಲಸಕ್ಕೆ ಮೇಸ್ತ್ರಿ ಬೇಕು, ಇದೊಂದಕ್ಕೆ ದುಡ್ಡು ಖರ್ಚು ಮಾಡಿ.

ಒಳಗೆ ಬೂಷ್ಟು ಹಿಡಿದ ಬಣ್ಣವನ್ನು ಕೆರೆದು ತೆಗೆದು, ಬ್ಲೀಚಿಂಗ್ ಪೌಡರನ್ನು ನೀರಲ್ಲಿ ತೆಳ್ಳಗೆ ಕಲಸಿ ಉಜ್ಜಿ ತೊಳೆಯಿರಿ. ಕಿಟಕಿ ತೆರೆದಿರಲಿ, ಕೈಗೆ ಗ್ಲೌಸ್ ಇರಲಿ. ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಸೇರಿಸಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ, ಅದು ವಿಷ. ಪೂರ್ತಿ ಒಣಗಿದ ಮೇಲೆ ಸುಣ್ಣ ಬಳಿಯಿರಿ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭಕ್ಕೆ ಹಿಡಿಯುವುದಿಲ್ಲ, ಗೋಡೆಯ ತೇವ ಹೊರಗೆ ಬರಲೂ ಅದು ಬಿಡುತ್ತದೆ. ಬಟ್ಟೆಗೆ ಮೆತ್ತುತ್ತದೆ ಅನ್ನುವ ತಕರಾರು ನಿಜ. ಅದಕ್ಕೆ ಹಿಂಗೋಡೆಯಿಂದ ಒಂದಿಂಚು ಬಿಟ್ಟು ಸ್ಲ್ಯಾಬಿನ ಮೇಲೆ ಅಡ್ಡಕ್ಕೆ ಎರಡು ರೀಪು (ಮರದ ಪಟ್ಟಿ) ನಿಲ್ಲಿಸಿ, ಬಟ್ಟೆ ಗೋಡೆಗೆ ತಾಗದ ಹಾಗೆ. ಹಂಚಿನ ಮಾಡಿನ ಕೆಲಸದಲ್ಲಿ ಉಳಿದ ರೀಪು ಸಾಕು.

ಹ್ಯಾಂಗರಿಗೆ ಒಳಗೆ 21–22 ಇಂಚು ಆಳ ಬೇಕು. ಗೋಡೆ ಕಪಾಟಿನಲ್ಲಿ ಅಷ್ಟು ಎಲ್ಲಿ ಬರುತ್ತದೆ? ಅಡ್ಡ ಸರಳಿನ ಬದಲು ಮುಂದಕ್ಕೆ ಎಳೆಯುವ ಸರಳು ಸಿಗುತ್ತದೆ, ಅದನ್ನು ಮೇಲಿನ ಸ್ಲ್ಯಾಬಿನ ಅಡಿಗೆ ಸ್ಕ್ರೂ ಮಾಡಿದರೆ ಶರ್ಟುಗಳು ನಮ್ಮ ಕಡೆ ಮುಖ ಮಾಡಿ ನಿಲ್ಲುತ್ತವೆ.

ಬಾಗಿಲಿಗೆ ಅಲ್ಯುಮಿನಿಯಂ ಫ್ರೇಮು ನನ್ನ ಮೊದಲ ಆಯ್ಕೆ. ನಮ್ಮ ಕಡೆ ಸಣ್ಣ ಪೇಟೆಯಲ್ಲೂ ಫ್ಯಾಬ್ರಿಕೇಷನ್ ಅಂಗಡಿ ಇರುತ್ತದೆ, ಅಳತೆ ಕೊಟ್ಟರೆ ಕತ್ತರಿಸಿ ಜೋಡಿಸಿ ಕೊಡುತ್ತಾರೆ, ಮನೆಯಲ್ಲಿ ಕೂರಿಸುವುದಷ್ಟೇ ನಮ್ಮ ಕೆಲಸ. ಅಳತೆಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ತೆಗೆಯಿರಿ, ಹಳೆ ಗೋಡೆ ಎಲ್ಲೂ ನೇರ ಇರುವುದಿಲ್ಲ. ಸಣ್ಣ ಅಳತೆಯನ್ನೇ ಹಿಡಿಯಿರಿ. ಬಾಗಿಲಲ್ಲಿ ಲೂವರ್, ಅಂದರೆ ಗಾಳಿ ಆಡುವ ಓರೆ ಪಟ್ಟಿಗಳು ಇರಲಿ, ಇಲ್ಲವಾದರೆ ಮೇಲೆ ಕೆಳಗೆ ಅರ್ಧ ಇಂಚು ಸಂದಿ ಬಿಡಿ. ಹಲ್ಲಿ, ಜಿರಳೆ ಬರುತ್ತದೆ ಅನ್ನುವವರು ಆ ಸಂದಿಗೆ ಸೊಳ್ಳೆ ಬಲೆ ಅಂಟಿಸಬಹುದು. ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಪೂರ್ತಿ ಮುಚ್ಚಿದ ಕಪಾಟಿಗೆ ಸರಿ. ಗಾಳಿ ಆಡುವ ಕಪಾಟಿನಲ್ಲಿ ಅದನ್ನಿಟ್ಟರೆ ಮಳೆ ಜೋರಾಗಿರುವ ಇಡೀ ಆಟಿ ತಿಂಗಳನ್ನೇ ಒಣಗಿಸಲು ಹೊರಟ ಹಾಗೆ.

ಇನ್ನು ಮುರಕಲ್ಲಿಗೆ ಡ್ರಿಲ್ ಮಾಡುವುದು. ಬೇಕಲ ಕೋಟೆ ಈ ಕಲ್ಲಲ್ಲೇ ನಿಂತಿದೆ ನಿಜ, ಆದರೆ ನಮ್ಮ ಸ್ಕ್ರೂಗೆ ಇದು ಭಾರಿ ಮೆತ್ತಗಿನ ಕಲ್ಲು. ಹ್ಯಾಮರ್ ಮೋಡ್ ಆಫ್ ಮಾಡಿ, ಇಲ್ಲದಿದ್ದರೆ ತೂತು ಅಗಲವಾಗಿ, ಸ್ಕ್ರೂ ಹಿಡಿಯಲು ಹಾಕುವ ಪ್ಲಾಸ್ಟಿಕ್ ಪ್ಲಗ್ಗು ಸುಮ್ನೆ ತಿರುಗುತ್ತದೆ. ಉದ್ದದ ಪ್ಲಗ್ಗು, 3 ಇಂಚಿನ ಸ್ಕ್ರೂ ತಗೊಳ್ಳಿ. ಒಳಗೆ ಪೊಳ್ಳು ಸಿಕ್ಕಿದರೆ ಸಿಮೆಂಟು ತುಂಬಿ, ಗಟ್ಟಿಯಾಗಲು ಬಿಟ್ಟು, ಆಮೇಲೆ ಮತ್ತೆ ತೂತು ಹೊಡೆಯಿರಿ. ಅಷ್ಟು ಮಾಡಿದರೂ ಅಡುಗೆಮನೆಯಲ್ಲಿ ಮೇಲಕ್ಕೆ ತೂಗುವ ಕ್ಯಾಬಿನೆಟ್ ನಾನು ಹಾಕಲಿಲ್ಲ. ಚಹಾಪುಡಿ, ಸಾಂಬಾರ ಡಬ್ಬಿಗೆ ಒಂದು ತೆಳು ಶೆಲ್ಫು ಸಾಕು. ಭಾರದ ಪಾತ್ರೆ, ಕುಚ್ಚಲಕ್ಕಿ ಡಬ್ಬ ಎಲ್ಲ ಕೆಳಗೇ ಇರಲಿ.

ಕಟ್ಟೆಯ ಕೆಳಗೆ ಏನಾದರೂ ಮಾಡುವ ಮೊದಲು ಸಿಂಕಿನ ಅಡಿ ಒಂದು ರಾತ್ರಿ ಪೇಪರ್ ಹಾಸಿ ನೋಡಿ. ಬೆಳಿಗ್ಗೆ ಒದ್ದೆಯಾಗಿದ್ದರೆ ಪೈಪಿನ ವಾಷರ್ ಬದಲಿಸಿ. ನಿಮ್ಮ ಪಾರ್ಟಿಕಲ್ ಬೋರ್ಡ್ ಹಾಳಾದದ್ದಕ್ಕೂ ಇದೇ ಕಾರಣ ಇರಬಹುದು, ಆ ಬೋರ್ಡಿಗೆ ನೀರು ತಾಗಿದರೆ ಕಥೆ ಮುಗಿಯಿತು. ಮರದ ನಾರನ್ನು ಒತ್ತಿ ಮಾಡುವ ಎಂಡಿಎಫ್ ಹಲಗೆಯೂ ಅಷ್ಟೇ. ಒಳಗಿನ ತಟ್ಟಿಗೆ ಫೆರೋಸಿಮೆಂಟ್ (ತಂತಿ ಬಲೆಗೆ ಸಿಮೆಂಟು ಮೆತ್ತಿ ಮಾಡಿದ) ಹಲಗೆ ಒಳ್ಳೆಯದು, ನೀರಿಗೂ ಗೆದ್ದಲಿಗೂ ಹೆದರಬೇಕಿಲ್ಲ, ಎತ್ತಲು ಮಾತ್ರ ಇಬ್ಬರು ಬೇಕು. ಪಿವಿಸಿ ಬೋರ್ಡಿಗೂ ಗೆದ್ದಲು ಬರುವುದಿಲ್ಲ, ಆದರೆ ಸ್ಕ್ರೂ ಅಷ್ಟು ಗಟ್ಟಿ ಹಿಡಿಯುವುದಿಲ್ಲ, ಉದ್ದ ತಟ್ಟು ಮಾಡಿದರೆ ಬಾಗುತ್ತದೆ, ಒಲೆಯ ಬಿಸಿಗೆ ಮೆತ್ತಗಾಗುತ್ತದೆ. ಸಿಂಕಿನ ಬಾಗಿಲಿಗೆ ಅದು ಸಾಕು.

ಪ್ಲೈವುಡ್ಡೇ ಬೇಕು ಅಂತಾದರೆ ಐಎಸ್ 710 (ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ) ಗುರುತು ಇರುವುದನ್ನೇ ಕೇಳಿ. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷೆ ಮಾಡಿರುತ್ತಾರೆ. ಅಂಗಡಿಯವರು ಬಾಯಲ್ಲಿ ಹೇಳುವ ‘ವಾಟರ್‌ಪ್ರೂಫ್’ ನಂಬಬೇಡಿ, ಹಲಗೆ ಮೇಲಿನ ಮುದ್ರೆ ಓದಿ. 8x4 ಅಡಿಯ 18 ಮಿ.ಮೀ. ಹಲಗೆಯನ್ನು ಅಂಗಡಿಯಲ್ಲೇ ಕತ್ತರಿಸಿ ತನ್ನಿ. ಕತ್ತರಿಸಿದ ಅಂಚಿಗೆ ಎಡ್ಜ್ ಬ್ಯಾಂಡ್ (ಅಂಚು ಮುಚ್ಚುವ ಪಟ್ಟಿ) ಹಚ್ಚದೆ, ಬಣ್ಣವನ್ನೂ ಕೊಡದೆ ಬಿಟ್ಟರೆ 710 ಆದರೂ ಅಂಚಿನಿಂದಲೇ ನೀರು ಕುಡಿಯುತ್ತದೆ. ಬಾಗಿಲನ್ನು ನೆಲದಿಂದ ನಾಲ್ಕಿಂಚು ಮೇಲೆ ನಿಲ್ಲಿಸಿ, ನೆಲ ತೊಳೆದ ನೀರು ತಾಗಬಾರದು. ಕುಂಬಳೆ ಅಂದರೆ ಕಡಲು ಹತ್ತಿರ, ಉಪ್ಪುಗಾಳಿ. ಹಿಂಜು, ಸ್ಕ್ರೂ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ. ಬಾಗಿಲೊಳಗೆ ಕೂರುವ ಹಿಂಜಿನ ಬಟ್ಟಲಿಗೆ ತೂತು ಕೊರೆಯಲು 35 ಮಿ.ಮೀ. ಬಿಟ್ ಬೇಕು, ಅದನ್ನು ಬೇರೆ ತಗೊಳ್ಳಬೇಕು.

ಗ್ಯಾಸ್ ಸಿಲಿಂಡರ್ ಕಟ್ಟೆಯ ಕೆಳಗೇ ಇಡುವುದಾದರೆ ಆ ಭಾಗದ ಬಾಗಿಲಿಗೆ ನೆಲಮಟ್ಟದಲ್ಲಿ ಗಾಳಿ ಹೋಗುವ ದಾರಿ ಬೇಕೇ ಬೇಕು. ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಮೇಲೆ ತೂತು ಬಿಟ್ಟು ಏನೂ ಪ್ರಯೋಜನ ಇಲ್ಲ. ಗ್ಯಾಸ್ ಪೈಪು, ಹೊಸ ಕರೆಂಟ್ ಲೈನು, ಗ್ರಾನೈಟ್ ಕತ್ತರಿಸುವುದು ಈ ಮೂರಕ್ಕೆ ನೀವು ಕೈ ಹಾಕಬೇಡಿ, ಗೊತ್ತಿದ್ದವರಿಗೇ ಬಿಡಿ.

ಕೆಲಸ ಡಿಸೆಂಬರಿನಿಂದ ಏಪ್ರಿಲ್ ಒಳಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಬಣ್ಣ ಒಣಗುವುದಿಲ್ಲ, ಮರದ ಬಾಗಿಲು ಉಬ್ಬಿರುವಾಗ ಸರಿ ಕೂತದ್ದು ಬೇಸಿಗೆಗೆ ಸಂದಿ ಬಿಡುತ್ತದೆ. ಈಗ ಮಳೆ ಇದ್ದರೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಗೆ ಇದೇ ಒಳ್ಳೆ ಸಮಯ. ಕಪಾಟಿನ ಒಳ ಆಳ ಎಷ್ಟು, ಅದು ಯಾವ ದಿಕ್ಕಿನ ಗೋಡೆ ಅಂತ ಬರೆಯಿರಿ, ಬಾಗಿಲನ್ನು ಎರಡು ಮಾಡಬೇಕಾ ಮೂರು ಮಾಡಬೇಕಾ ಅಂತ ನೋಡಿ ಹೇಳುತ್ತೇನೆ.